ಪಿಕಪ್ಪಿನ ಬೆಲೆ ಎಷ್ಟು ಕ್ವಿಂಟಾಲು?



ಈ ತಿಂಗಳು ಗೊಬ್ಬರದ ಬೆಲೆ, ಬೆಳೆವಿಮೆ ಎರಡನ್ನೂ ಬದಿಗಿಟ್ಟು ಒಂದು ಗಾಡಿಯ ವಿಚಾರ ಬರೆಯುತ್ತಿದ್ದೇವೆ. ಸಂಪಾದಕೀಯದಲ್ಲಿ ಗಾಡಿಯ ಮಾತೇ ಅಂತ ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ಪತ್ರಿಕೆಯ ಕೆಲಸ ಬೆಲೆ ಮತ್ತು ಸಾಲ. ಬೀಜಕ್ಕೂ ಗೊಬ್ಬರಕ್ಕೂ ಮಾಡಿದ ಸಾಲದ ಬಗ್ಗೆ ನಾವು ಎಷ್ಟೋ ಬರೆದಿದ್ದೇವೆ. ಚಕ್ರದ ಮೇಲೆ ಮನೆಗೆ ಬರುವ ಸಾಲದ ಬಗ್ಗೆ ಬರೆದದ್ದು ಕಡಿಮೆ. ಇವತ್ತು ಆ ಸಾಲ ನಮ್ಮ ಅಂಗಳದಲ್ಲೇ ಬಂದು ನಿಂತಿದೆ.

ಕಳೆದ ತಿಂಗಳು ತೀರ್ಥಹಳ್ಳಿ ಕಡೆಯ ರೈತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಆರು ಎಕರೆ ಅಡಿಕೆ, ನಡುವೆ ಮೆಣಸಿನ ಬಳ್ಳಿ, ಊಟಕ್ಕಾಗುವಷ್ಟು ಗದ್ದೆ. ಮಗ ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಬಂದಿದ್ದಾನೆ. ಬಂದವನು ಒಂದು ಮಾತು ಹೇಳಿದ್ದಾನೆ: "ಅಪ್ಪಯ್ಯ, ನಾನು ಇಲ್ಲೇ ಇರ್ತೀನಿ. ಆದರೆ ಆ ದೊಡ್ಡ ಪಿಕಪ್ ಒಂದು ತಗೊಳ್ಳೋಣ. ತೋಟಕ್ಕೂ ಆಗುತ್ತೆ, ಮನೆಗೂ ಆಗುತ್ತೆ." ಷೋರೂಮಿನವರು ಕಾಗದ ಬರೆದುಕೊಟ್ಟೂ ಆಗಿದೆ. ಆ ಹಿರಿಯರು ಕಾಗದ ಮುಂದಿಟ್ಟು ಕೇಳಿದರು: "ಏನ್ ಮಾಡ್ಲಿ ಹೇಳಿ. ಬೇಡ ಅಂದ್ರೆ ಹುಡುಗ ಹೋಗ್ತಾನೆ. ಹೂಂ ಅಂದ್ರೆ ತೋಟ ಹೋಗುತ್ತೇನೋ ಅಂತ ಭಯ."

ಈ ಪ್ರಶ್ನೆ ಅವರೊಬ್ಬರದಲ್ಲ. ಕೊಡಗಿನಲ್ಲಿ, ಸಕಲೇಶಪುರದಲ್ಲಿ, ಶಿರಸಿಯಲ್ಲಿ ನಿಮ್ಮಲ್ಲೂ ಕೆಲವರು ಇದೇ ಕಾಗದ ಹಿಡಿದು ಕೂತಿರಬಹುದು. ಅದಕ್ಕೇ ಉತ್ತರವನ್ನು ಎಲ್ಲರ ಎದುರಿಗೆ ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ರೈತನಿಗೆ ಇಂಥ ಗಾಡಿ ಯಾಕೆ ಅಂತ ಕೇಳುವವರ ಗುಂಪಿನಲ್ಲಿ ನಾವಿಲ್ಲ. ನೌಕರ ಕಾರು ಕೊಂಡರೆ ಅದು ಪ್ರಗತಿ, ವ್ಯಾಪಾರಿ ಕೊಂಡರೆ ಅದು ಜಾಣತನ, ರೈತ ಕೊಂಡರೆ ಮಾತ್ರ ಅದು ಶೋಕಿ! ಸಾಲ ಮನ್ನಾದ ಮಾತೆತ್ತಿದ ಕೂಡಲೇ ರೈತನ ಮನೆ ಮುಂದಿನ ಗಾಡಿ ತೋರಿಸಿ ನಗುವ ಜನ ಪಟ್ಟಣದಲ್ಲಿ ಬೇಕಾದಷ್ಟಿದ್ದಾರೆ. ಮಳೆಗಾಲದ ನಡುರಾತ್ರಿ ಹೆರಿಗೆ ನೋವೆದ್ದ ಹೆಂಗಸನ್ನು ಕೆಸರಿನ ಏರು ಹತ್ತಿಸಿ ಆಸ್ಪತ್ರೆಗೆ ಸಾಗಿಸಿದ ಅನುಭವ ಅವರಿಗಿಲ್ಲ. ನಮಗೆ ಗಾಡಿ ಬೇಕು. ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕಾದ ಜಾಗಗಳೂ ಇವೆ. ಮಲೆನಾಡಿನವರು ತಲೆಮಾರುಗಳಿಂದ ಜೀಪು ಓಡಿಸಿದ್ದು ಅದಕ್ಕೇ. ಪ್ರಶ್ನೆ ಬೇಕೋ ಬೇಡವೋ ಅಲ್ಲ. ಕೇಳುವ ಬೆಲೆಗೆ ಅದು ಕೊಡುವ ಕೆಲಸ ಸಮನಾಗುತ್ತದೆಯೇ? ಆ ಬೆಲೆ ತೀರಿಸುವುದು ಯಾವ ಬೆಳೆ?

ಈಗ ಗಾಡಿಯನ್ನು ನೋಡೋಣ. ನಾವು ಹೇಳುತ್ತಿರುವುದು ಮಧ್ಯಮ ಗಾತ್ರದ ಡಬಲ್ ಕ್ಯಾಬಿನ್ ಪಿಕಪ್ಪುಗಳ ವಿಚಾರ. ಮುಂದೆ ಐದು ಜನ ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ, ಫೋರ್‌ವೀಲ್, ಏರಿಗೆ ಬೇರೆ ಲೋ ಗೇರು. ಇಸುಜು ವಿ-ಕ್ರಾಸ್ ನಮ್ಮ ದೇಶಕ್ಕೆ ಬಂದದ್ದು 2016ರಲ್ಲಿ, ಟೊಯೊಟಾ ಹೈಲಕ್ಸ್ 2022ರಲ್ಲಿ. ಗಟ್ಟಿಮುಟ್ಟಾದ ಗಾಡಿಗಳು ಎಂಬುದರಲ್ಲಿ ಅನುಮಾನವಿಲ್ಲ. ಥಾಯ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಈ ಜಾತಿಯ ಪಿಕಪ್ಪುಗಳು ರೈತರ, ಗುತ್ತಿಗೆದಾರರ ದುಡಿಯುವ ಗಾಡಿಗಳು. ಅಲ್ಲಿ ಅವನ್ನು ಒಂದು ಟನ್ನಿನ ಗಾಡಿ ಅಂತಲೇ ಲೆಕ್ಕ ಹಿಡಿಯುತ್ತಾರೆ. ನಮ್ಮಲ್ಲಿ ಮಾರುವ ಹೈಲಕ್ಸಿಗೆ ಕಾಗದದಲ್ಲಿರುವ ಭಾರ ಅರ್ಧ ಟನ್ನಿನ ಆಸುಪಾಸು. ನಮ್ಮ ಸಂತೆಗೂ ಮಂಡಿಗೂ ದಿನಾ ಓಡಾಡುವ ಸಾದಾ ಬೊಲೆರೊ ಪಿಕಪ್ಪಿಗೆ ಮಾದರಿ ನೋಡಿಕೊಂಡು 1.3 ಟನ್ನಿನಿಂದ 1.7 ಟನ್ನು, ಅದಕ್ಕೂ ಮೇಲೆ. ಸಾದಾ ಪಿಕಪ್ಪಿನ ತೊಟ್ಟಿ ಎಂಟು-ಒಂಬತ್ತು ಅಡಿ ಉದ್ದ. ದೊಡ್ಡ ಗಾಡಿಯದು ಐದು ಅಡಿ ಚಿಲ್ಲರೆ. ಆದರೆ ಗಾಡಿಯ ಒಟ್ಟು ಉದ್ದ ಹೈಲಕ್ಸಿನದು 5,325 ಮಿಲಿಮೀಟರು, ಅಂದರೆ ಹದಿನೇಳೂವರೆ ಅಡಿ. ತೋಟದ ದಾರಿಯಲ್ಲಿ ಅದನ್ನು ತಿರುಗಿಸುವ ಜಾಗ ಇದೆಯೇ ಅಂತ ಹಗ್ಗ ಹಿಡಿದು ಅಳೆದು ನೋಡಿ.

ಅಂದರೆ ಮೂರು ಪಾಲು ದುಡ್ಡು ಕೊಟ್ಟು ಮೂರನೇ ಒಂದು ಪಾಲು ಹೊರೆ ಹೊರಿಸುವ ವ್ಯವಹಾರ ಇದು. ಹೆಚ್ಚಿಗೆ ಕೊಡುವ ದುಡ್ಡಿಗೆ ಸಿಗುವುದೇನು? ದೊಡ್ಡ ಎಂಜಿನು, ಫೋರ್‌ವೀಲು, ಮನೆಯವರಿಗೆ ಸುಖವಾಗಿ ಕೂರುವ ಜಾಗ, ಅಪಘಾತವಾದರೆ ಜೀವ ಉಳಿಸುವ ಏರ್‌ಬ್ಯಾಗು. ಇವು ಸುಳ್ಳಲ್ಲ, ಕಡಿಮೆಯೂ ಅಲ್ಲ. ಆದರೆ ಇವುಗಳಲ್ಲಿ ಯಾವುದೂ ಅಡಿಕೆ ಮೂಟೆಗೆ ಹೆಚ್ಚು ಬೆಲೆ ತರುವುದಿಲ್ಲ.

ಬೆಲೆಯನ್ನು ರೂಪಾಯಿಯಲ್ಲಿ ಕೇಳಿದರೆ ನಮಗೆ ಅದರ ತೂಕ ಗೊತ್ತಾಗುವುದಿಲ್ಲ. ರೈತ ಬೆಲೆ ಕೇಳಬೇಕಾದದ್ದು ಕ್ವಿಂಟಾಲಿನಲ್ಲಿ. ಎಲ್ಲರಿಗೂ ಗೊತ್ತಿರುವ ಭತ್ತವನ್ನೇ ತಕ್ಕಡಿಗೆ ಹಾಕೋಣ. 2016ರಲ್ಲಿ ವಿ-ಕ್ರಾಸಿನ ಷೋರೂಮ್ ಬೆಲೆ ಹನ್ನೆರಡೂವರೆ ಲಕ್ಷ. ಆ ಸಾಲಿನ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 1,470 ರೂಪಾಯಿ. ಅಂದರೆ ಗಾಡಿಗೆ ಸುಮಾರು 850 ಕ್ವಿಂಟಾಲು. 2021ರಲ್ಲಿ ಹೊಸ ಎಂಜಿನ್ನಿನೊಂದಿಗೆ ಮತ್ತೆ ಬಂದಾಗ ಅದರ ಬೆಲೆ 20 ಲಕ್ಷ ಮುಟ್ಟಿತ್ತು. 2020-21ರ ಬೆಂಬಲ ಬೆಲೆ 1,868. ಅದೇ ಗಾಡಿಗೆ ಸುಮಾರು 1,070 ಕ್ವಿಂಟಾಲು. 2022ರಲ್ಲಿ ಬಂದ ಹೈಲಕ್ಸಿನ ಬೆಲೆ 34 ಲಕ್ಷ. 2021-22ರ ಬೆಂಬಲ ಬೆಲೆ 1,940. ಲೆಕ್ಕ ಹಾಕಿ: 1,750 ಕ್ವಿಂಟಾಲು. ಎಕರೆಗೆ 25 ಕ್ವಿಂಟಾಲು ಬೆಳೆದರೆ 70 ಎಕರೆಯ ಒಂದು ಪೂರ್ತಿ ಬೆಳೆ. ಅದರಲ್ಲಿ ಕೂಲಿ ಇಲ್ಲ, ಗೊಬ್ಬರ ಇಲ್ಲ, ಮನೆಯವರ ಊಟಕ್ಕೆ ಒಂದು ಸೇರೂ ಇಲ್ಲ.

ಹೊಗೆ ಕಡಿಮೆ ಮಾಡುವ ನಿಯಮ 2020ರ ಏಪ್ರಿಲ್‌ನಿಂದ ಬಂತು, ಎಂಜಿನ್ ಬದಲಾಯಿತು, ಅದಕ್ಕೇ ಬೆಲೆ ಏರಿತು ಎನ್ನುತ್ತಾರೆ ಕಂಪನಿಯವರು. ಇರಬಹುದು. ಖರ್ಚು ಹೆಚ್ಚಾದಾಗ ಅವರು ಬೆಲೆ ಏರಿಸುತ್ತಾರೆ, ಸರಿ. ನಮ್ಮ ಖರ್ಚು ಹೆಚ್ಚಾದಾಗ ನಾವು ಏರಿಸುತ್ತೇವೆಯೇ? ತಮ್ಮ ಮಾಲಿಗೆ ತಾವೇ ಬೆಲೆ ಬರೆಯುವವರಿಂದ ಕೊಳ್ಳುತ್ತೇವೆ, ನಮ್ಮ ಮಾಲಿಗೆ ಬೇರೆಯವರು ಬೆಲೆ ಹೇಳುವ ಕಡೆ ಮಾರುತ್ತೇವೆ. ಈ ಎರಡರ ನಡುವಿನ ಕಂದಕಕ್ಕೆ ಹಾಕಿದ ಹಲಗೆಯ ಹೆಸರೇ ಕಂತಿನ ಸಾಲ.

ಆ ಹಲಗೆ ಎಷ್ಟು ಗಟ್ಟಿ ನೋಡೋಣ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಬೆಲೆ ಒಂದಿಷ್ಟು ತಗ್ಗಿತು, ನಿಜ. ಆದರೂ ನೋಂದಣಿ, ರಸ್ತೆ ತೆರಿಗೆ, ವಿಮೆ ಎಲ್ಲ ಸೇರಿ ದೊಡ್ಡ ಗಾಡಿ ರಸ್ತೆಗಿಳಿಯುವಾಗ 35 ಲಕ್ಷ ಆಗುತ್ತದೆ ಅಂತ ಇಟ್ಟುಕೊಳ್ಳಿ. ಕೈಯಿಂದ 10 ಲಕ್ಷ, ಸಾಲ 25 ಲಕ್ಷ. ಬಡ್ಡಿ ಶೇ 10, ಅವಧಿ ಏಳು ವರ್ಷ. ತಿಂಗಳ ಕಂತು 41,500 ರೂಪಾಯಿ. ವರ್ಷಕ್ಕೆ ಐದು ಲಕ್ಷ. ಏಳು ವರ್ಷಕ್ಕೆ ಬಡ್ಡಿಯೊಂದೇ ಹತ್ತು ಲಕ್ಷದ ಹತ್ತಿರ. ವಿಮೆ, ಸರ್ವಿಸು, ಟೈರಿಗೆ ವರ್ಷಕ್ಕೆ ಒಂದೂಕಾಲು ಲಕ್ಷ ಹಿಡಿಯಿರಿ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರು ಓಡಿಸಿದರೆ, ಲೀಟರಿಗೆ ಹತ್ತರಂತೆ, 90 ರೂಪಾಯಿ ದರದಲ್ಲಿ ಡೀಸೆಲ್ಲಿಗೆ 90 ಸಾವಿರ. ಒಟ್ಟು 7 ಲಕ್ಷದ 15 ಸಾವಿರ. ದಿನಕ್ಕೆ 1,950 ರೂಪಾಯಿ. ಗಾಡಿ ಓಡಿದರೂ ಅಷ್ಟೇ, ಮಳೆಯಲ್ಲಿ ಕೊಟ್ಟಿಗೆ ಪಕ್ಕ ನಿಂತರೂ ಹೆಚ್ಚುಕಡಿಮೆ ಅಷ್ಟೇ. ಎತ್ತಿಗಾದರೆ ದುಡಿಮೆ ಇಲ್ಲದ ದಿನ ಹುಲ್ಲು ಕಡಿಮೆ ಹಾಕಬಹುದು. ಕಂತಿಗೆ ಅದು ಆಗುವುದಿಲ್ಲ.

ಈಗ ಆ ಆರು ಎಕರೆ ತೋಟಕ್ಕೆ ಬನ್ನಿ. ಒಳ್ಳೆಯ ವರ್ಷ, ಎಕರೆಗೆ ಏಳು ಕ್ವಿಂಟಾಲಿನಂತೆ 42 ಕ್ವಿಂಟಾಲು ಒಣ ಅಡಿಕೆ. ಕ್ವಿಂಟಾಲಿಗೆ 45 ಸಾವಿರ ಸಿಕ್ಕಿತು ಅನ್ನಿ. ಹತ್ತೊಂಬತ್ತು ಲಕ್ಷದ ಹತ್ತಿರ. ಕೊಯ್ಲು, ಸುಲಿತ, ಔಷಧಿ, ಗೊಬ್ಬರ, ಕೂಲಿ ಅಂತ ಹತ್ತರಲ್ಲಿ ನಾಲ್ಕು ಪಾಲು ಕಳೆದರೆ ಕೈಗೆ ಹನ್ನೊಂದು ಲಕ್ಷ ಚಿಲ್ಲರೆ. ಅದರಲ್ಲಿ ಏಳು ಲಕ್ಷ ಗಾಡಿಗೆ. ಉಳಿದದ್ದರಲ್ಲಿ ಮನೆ, ಓದು, ಮದುವೆ, ಆಸ್ಪತ್ರೆ. ಇದು ಒಳ್ಳೆಯ ವರ್ಷದ ಕತೆ. ಕೊಳೆ ರೋಗ ಬಿದ್ದು, ಎಲೆಚುಕ್ಕೆ ಹರಡಿ ಬೆಳೆ ಅರ್ಧವಾಗಿ, ಧಾರಣೆ 30 ಸಾವಿರಕ್ಕೆ ಬಂದರೆ? 21 ಕ್ವಿಂಟಾಲಿಗೆ ಆರು ಲಕ್ಷ 30 ಸಾವಿರ. ಕೂಲಿಗೂ ಔಷಧಿಗೂ ಕೊಟ್ಟ ಮೇಲೆ ಕಂತು ಕಟ್ಟುವುದು ಎಲ್ಲಿಂದ? ಬೆಳೆ ಅರ್ಧವಾಯಿತು ಅಂತ ಕಂತು ಅರ್ಧವಾಗುವುದಿಲ್ಲ. ಇಂಥ ವರ್ಷ ಬರುವುದಿಲ್ಲ ಅಂತ ಹೇಳುವ ಧೈರ್ಯ ನಿಮ್ಮಲ್ಲಿ ಯಾರಿಗಾದರೂ ಇದೆಯೇ?

ಬೆಲೆ ಏರಿದಾಗ ಅದು ಅಲ್ಲೇ ನಿಲ್ಲುತ್ತದೆ ಅಂತ ನಂಬುವುದು ನಮ್ಮ ಹಳೆಯ ಕಾಯಿಲೆ. ವೆನಿಲ್ಲಾ ನೆನಪಿದೆಯಲ್ಲ? 2003ರ ಹೊತ್ತಿಗೆ ಹಸಿ ಕೋಡು ಕಿಲೋಗೆ ಸಾವಿರಗಳಲ್ಲಿ ಮಾರಿತು. ರಾತ್ರಿಯೆಲ್ಲಾ ಬಳ್ಳಿ ಕಾದರು. ಕೆಲವೇ ವರ್ಷಗಳಲ್ಲಿ ಅದೇ ಕೋಡನ್ನು ಕೇಳುವವರಿರಲಿಲ್ಲ. ಮೆಣಸು ನೋಡಿ. 2016ರಲ್ಲಿ ಕಿಲೋಗೆ 600ರ ಮೇಲಿತ್ತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ಹಾಗಿದ್ದೂ 2019ರ ಹೊತ್ತಿಗೆ ನಮ್ಮ ಮೆಣಸು 400ಕ್ಕಿಂತ ಕೆಳಗೆ ಬಿತ್ತು. 2016ರ ಮೆಣಸು ನಂಬಿ ಏಳು ವರ್ಷದ ಸಾಲಕ್ಕೆ ಸಹಿ ಹಾಕಿದವನಿಗೆ ಮೂರನೇ ವರ್ಷವೇ ನೆಲ ಕುಸಿಯಿತು. 2024ರಲ್ಲಿ ರೋಬಸ್ಟಾ ಕಾಫಿಗೆ ದಶಕಗಳಲ್ಲಿ ಕಾಣದ ಬೆಲೆ ಬಂತು. ಬಂದದ್ದು ಸಂತೋಷ. ಆದರೆ ಒಂದು ವರ್ಷದ ಬೆಲೆ ನೋಡಿ ಏಳು ವರ್ಷದ ಕಾಗದಕ್ಕೆ ಸಹಿ ಹಾಕಬೇಡಿ.

ಇನ್ನು ಗಾಡಿ ತನ್ನ ಬೆಲೆಯನ್ನು ಎಷ್ಟು ಉಳಿಸಿಕೊಳ್ಳುತ್ತದೆ? ವಿಮೆಯವರದೇ ಒಂದು ಪಟ್ಟಿ ಇದೆ. ಆರು ತಿಂಗಳೊಳಗೆ ಶೇ 5, ವರ್ಷ ತುಂಬುವುದರೊಳಗೆ 15, ಎರಡನೇ ವರ್ಷ 20, ಮೂರನೇ ವರ್ಷ 30, ನಾಲ್ಕನೆಯದರಲ್ಲಿ 40, ಐದನೆಯದರಲ್ಲಿ 50 ಕಳೆದು ಗಾಡಿಯ ಮೌಲ್ಯ ಕಟ್ಟುತ್ತಾರೆ. ಅಂದರೆ ಐದನೇ ವರ್ಷಕ್ಕೆ 30 ಲಕ್ಷದ ಗಾಡಿ ಅವರ ಪುಸ್ತಕದಲ್ಲಿ 15 ಲಕ್ಷ. ತೆರಿಗೆಗೆ ಕೊಟ್ಟದ್ದು ಮೊದಲ ದಿನವೇ ಹೋಗಿರುತ್ತದೆ. ಒಳ್ಳೆಯ ಗಾಡಿಗೆ ಪೇಟೆಯಲ್ಲಿ ಅದಕ್ಕಿಂತ ಹೆಚ್ಚು ಸಿಗಬಹುದು, ಒಪ್ಪೋಣ. ಆದರೆ ನಮ್ಮ ಏಳು ವರ್ಷದ ಸಾಲದಲ್ಲಿ ಐದು ವರ್ಷ ಕಟ್ಟಿದ ಮೇಲೂ ಒಂಬತ್ತು ಲಕ್ಷ ಬಾಕಿ ಇರುತ್ತದೆ, ಅದನ್ನೂ ಮರೆಯಬೇಡಿ.

ಪಟ್ಟಣದವರೂ ಇದೇ ಗಾಡಿ ಕೊಳ್ಳುತ್ತಾರಲ್ಲ, ಅವರಿಗಿಲ್ಲದ ಕಷ್ಟ ನಮಗೇನು ಅಂತ ಕೇಳಬಹುದು. ಒಂದು ವ್ಯತ್ಯಾಸವಿದೆ. ವ್ಯಾಪಾರಿ ತನ್ನ ವ್ಯವಹಾರಕ್ಕೆ ಗಾಡಿ ಕೊಂಡರೆ ಸಾಲದ ಬಡ್ಡಿ, ಡೀಸೆಲ್ಲು, ವರ್ಷವರ್ಷದ ಸವಕಳಿ ಎಲ್ಲವನ್ನೂ ಖರ್ಚಿಗೆ ಬರೆದು ಆದಾಯ ತೆರಿಗೆ ಇಳಿಸಿಕೊಳ್ಳುತ್ತಾನೆ. ಗಾಡಿಯ ಒಂದಿಷ್ಟು ಭಾರವನ್ನು ಸರ್ಕಾರವೇ ಹೊತ್ತಂತಾಯಿತು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಇಳಿಸಿಕೊಳ್ಳುವುದಕ್ಕೂ ಏನಿಲ್ಲ. ತೆರಿಗೆ ಇಲ್ಲದ್ದು ನಮಗೆ ಅನುಕೂಲವೇ, ಅದರ ಮೇಲೆ ದೂರಿಲ್ಲ. ಆದರೆ ಒಂದೇ ಬೆಲೆಯ ಗಾಡಿ ಅವನಿಗೆ ಅಗ್ಗ, ನಮಗೆ ತುಟ್ಟಿ ಎಂಬುದು ಗೊತ್ತಿರಲಿ. ಅವನನ್ನು ನೋಡಿ ನಾವು ಅಳತೆ ಮಾಡಬಾರದು.

ಹಾಗಾದರೆ ಈ ಗಾಡಿ ಯಾರಿಗೂ ಬೇಡವೇ? ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಯಾರಿಗೆ ಸರಿ ಅಂತ ಹೇಳುತ್ತೇವೆ ಕೇಳಿ. ಮನೆಗೆ ಹೇಗೂ ಇಪ್ಪತ್ತು ಲಕ್ಷದ ಕಾರೊಂದನ್ನು ಕೊಳ್ಳುವವರು, ಜೊತೆಗೆ ತೋಟಕ್ಕೆ ಫೋರ್‌ವೀಲ್ ಜೀಪೊಂದನ್ನು ಇಟ್ಟುಕೊಳ್ಳಲೇಬೇಕಾದವರು, ಎರಡರ ಬದಲು ಇದೊಂದನ್ನು ಕೊಂಡರೆ ಲೆಕ್ಕ ಬೇರೆ. ಒಂದು ವಿಮೆ, ಒಂದು ಸರ್ವಿಸು ಉಳಿಯುತ್ತದೆ. ಬೆಲೆಯ ಮುಕ್ಕಾಲು ಪಾಲು ಕೈಯಲ್ಲಿದ್ದು, ಉಳಿದ ಸಾಲವನ್ನು ಕೆಟ್ಟ ವರ್ಷದ ಬೆಳೆಯಿಂದಲೂ ಕಟ್ಟುವ ಶಕ್ತಿ ಇರುವವರು ಕೊಳ್ಳಲಿ, ಸುಖವಾಗಿ ಓಡಿಸಲಿ. ನಮ್ಮದೇನೂ ತಕರಾರಿಲ್ಲ. ನಮ್ಮ ಮಾತು ಬೆಳೆಯ ಮೇಲೆ ಸಾಲ ಹೊತ್ತು, ಆ ಸಾಲದ ಮೇಲೆ ಗಾಡಿ ಹೊರುವವರಿಗೆ.

ಉಳಿದ ನಮಗೆ ದಾರಿ ಏನು? ಮೊದಲನೆಯದು ಬಾಡಿಗೆ. ನಿಮ್ಮೂರಿನಿಂದ ಮಂಡಿಗೆ ಒಂದು ಟ್ರಿಪ್ಪಿಗೆ 2,500 ರೂಪಾಯಿ ಬಾಡಿಗೆ ಅನ್ನಿ. ದೊಡ್ಡ ಗಾಡಿಯ ವರ್ಷದ ಖರ್ಚಿನಲ್ಲಿ 286 ಟ್ರಿಪ್ಪು ಬಾಡಿಗೆಗೆ ಹೊಡೆಸಬಹುದು. ಅದೂ ಮೂರು ಪಟ್ಟು ಹೊರೆ ಹಾಕಿ. ನಿಮಗೆ ವರ್ಷಕ್ಕೆ ಎಷ್ಟು ಟ್ರಿಪ್ಪು ಬೇಕು? ಒಂದು ಪುಸ್ತಕದಲ್ಲಿ ಒಂದು ವರ್ಷ ಬರೆದಿಡಿ. ಅರವತ್ತು ದಾಟದಿದ್ದರೆ ಗಾಡಿಯ ಆಸೆಯನ್ನು ಸದ್ಯಕ್ಕೆ ಗೂಟಕ್ಕೆ ಕಟ್ಟಿ.

ಎರಡನೆಯದು ಸಾದಾ ಪಿಕಪ್ಪು. ರಸ್ತೆಗಿಳಿದಾಗ ಹತ್ತು ಲಕ್ಷ ಆಗುವ ಗಾಡಿಗೆ ಎಂಟು ಲಕ್ಷ ಸಾಲ, ಐದು ವರ್ಷ, ಅದೇ ಶೇ 10 ಬಡ್ಡಿ ಅಂದರೆ ತಿಂಗಳಿಗೆ 17 ಸಾವಿರ. ವಿಮೆ, ರಿಪೇರಿ, ಡೀಸೆಲ್ಲು ಸೇರಿ ವರ್ಷಕ್ಕೆ ಮೂರು ಲಕ್ಷದ 30 ಸಾವಿರದ ಆಸುಪಾಸು. 130 ಟ್ರಿಪ್ಪಿನ ಕೆಲಸವಿದ್ದರೆ ಲೆಕ್ಕ ಸರಿಹೋಗುತ್ತದೆ. ಏರುದಾರಿಯವರು ಸಾದಾ ಪಿಕಪ್ಪಿನಲ್ಲೇ ಫೋರ್‌ವೀಲ್ ಇರುವ ಮಾದರಿ ಸಿಗುತ್ತದೆಯೇ ವಿಚಾರಿಸಿ. ಇನ್ನೊಂದು ವಿಷಯ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ, ಗುಡ್ಡಗಾಡು ಪ್ರದೇಶದ ರೈತರು ಬೆಳೆ ಸಾಗಿಸಲು ಪಿಕಪ್ ವ್ಯಾನ್ ಕೊಳ್ಳುವುದಕ್ಕೆ 7 ಲಕ್ಷದವರೆಗೆ ಶೇ 4ರ ಬಡ್ಡಿಯಲ್ಲಿ ಸಾಲ ಕೊಡುವುದಾಗಿ ಘೋಷಿಸಿತ್ತು. 7 ಲಕ್ಷಕ್ಕೆ ಐದು ವರ್ಷದ ಕಂತು ಶೇ 10ರಲ್ಲಿ 14,900 ರೂಪಾಯಿ, ಶೇ 4ರಲ್ಲಿ 12,900. ಷೋರೂಮಿನವರು ಇದನ್ನು ನಿಮಗೆ ಹೇಳುವುದಿಲ್ಲ. ನಿಮ್ಮ ಸಹಕಾರ ಸಂಘಕ್ಕೆ, ಡಿಸಿಸಿ ಬ್ಯಾಂಕಿಗೆ ಹೋಗಿ ಬಾಯಿಬಿಟ್ಟು ಕೇಳಿ. ಇಲ್ಲ ಅಂದರೆ ಯಾಕಿಲ್ಲ ಅಂತ ಬರಹದಲ್ಲಿ ಕೇಳಿ. ಘೋಷಣೆ ಮಾಡಿದವರು ಉತ್ತರ ಕೊಡಲಿ.

ಮೂರನೆಯದು ಕೂಡಿ ಕೊಳ್ಳುವುದು. ಅಕ್ಕಪಕ್ಕದ ನಾಲ್ಕು ಮನೆಯವರು ಮುಯ್ಯಾಳಿನ ಹಾಗೆ ಗಾಡಿಯನ್ನೂ ಹಂಚಿಕೊಳ್ಳಬಹುದು. ಆಗದು ಅನ್ನುವವರು ಮೊದಲು ಪ್ರಯತ್ನ ಮಾಡಿ ಆಮೇಲೆ ಹೇಳಲಿ. ಡೀಸೆಲ್ಲು ಯಾರದು, ರಿಪೇರಿ ಯಾರದು, ಕೊಯ್ಲಿನ ಕಾಲಕ್ಕೆ ಸರದಿ ಹೇಗೆ ಎಲ್ಲವನ್ನೂ ಮೊದಲೇ ಕಾಗದದ ಮೇಲೆ ಬರೆದುಕೊಂಡರೆ ಜಗಳ ಅರ್ಧ ಕಡಿಮೆ. ಆದರೆ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸಬೇಡಿ. ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತುತ್ತದೆ, ಪರಿಹಾರ ನಿಮ್ಮ ತೋಟದ ಮೇಲೆ ಬೀಳುತ್ತದೆ. ಬಾಡಿಗೆ ಮಾಡುವುದಾದರೆ ಹಳದಿ ಬೋರ್ಡು ಮಾಡಿಸಿ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು, ಅಷ್ಟೇ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದನ್ನು 2024ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠವೂ ಎತ್ತಿಹಿಡಿದಿದೆ. ಹಳೆಯ ಗಾಡಿ ಕೊಳ್ಳುವವರು ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರು ತೆಗೆಸಿದ್ದಾರೆಯೇ ನೋಡಿಯೇ ಮುಂಗಡ ಕೊಡಿ.

ಏನೇ ಮಾಡಿ, ಎರಡು ಕೆಲಸ ಮಾತ್ರ ಮಾಡಬೇಡಿ. ಗಾಡಿಗಾಗಿ ಭೂಮಿ ಅಡವಿಡಬೇಡಿ. ಗಾಡಿ ಹೋದರೆ ನಡೆದುಕೊಂಡು ಹೋಗಬಹುದು, ಭೂಮಿ ಹೋದರೆ ನಡೆದು ಹೋಗುವುದು ಎಲ್ಲಿಗೆ? ಬೆಳೆಸಾಲದ ದುಡ್ಡನ್ನು ಗಾಡಿಯ ಮುಂಗಡಕ್ಕೆ ಕಟ್ಟಬೇಡಿ. ಸಹಕಾರ ಸಂಘದ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ ಅದೇ 2023ರ ಬಜೆಟ್ಟು ಹೇಳಿತು. ಗಡುವಿನೊಳಗೆ ಕಟ್ಟಿದವರಿಗಷ್ಟೇ ಆ ಅನುಕೂಲ. ಗಾಡಿಗೆ ಹಾಕಿದ ದುಡ್ಡು ಗಡುವಿಗೆ ವಾಪಸ್ ಬರುವುದಿಲ್ಲ. ಬಡ್ಡಿಯಿಲ್ಲದ ಸಾಲ ಬಡ್ಡಿ ಸಾಲವಾಗುತ್ತದೆ, ಮುಂದಿನ ವರ್ಷದ ಗೊಬ್ಬರಕ್ಕೆ ಕೈಸಾಲ ಶುರುವಾಗುತ್ತದೆ.

ಕಂತು ತಪ್ಪಿದರೆ ಏನಾಗುತ್ತದೆ ಅಂತಲೂ ತಿಳಿದಿರಲಿ. ಸಾಲ ತೀರುವವರೆಗೆ ಗಾಡಿ ನಿಮ್ಮ ಅಂಗಳದಲ್ಲಿ ನಿಂತರೂ ಅದರ ಮೇಲೆ ಸಾಲ ಕೊಟ್ಟವರ ಹಕ್ಕಿರುತ್ತದೆ. ಆದರೆ ವಸೂಲಿಗೆ ಪುಂಡರನ್ನು ಬಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಯವರು ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಆದೇಶಿಸಿದೆ. ನಡುರಸ್ತೆಯಲ್ಲಿ ಗಾಡಿ ತಡೆದು ಕೀಲಿ ಕಿತ್ತುಕೊಳ್ಳಲು ಬಂದರೆ ಒಬ್ಬರೇ ನಿಂತು ಅಳಬೇಡಿ, ಊರು ಕರೆಯಿರಿ, ಕಾಗದ ತೋರಿಸಿ ಅನ್ನಿ.

ಕೊನೆಯ ಮಾತು ರಸ್ತೆಯದು. ನಮ್ಮ ಹುಡುಗರು ಫೋರ್‌ವೀಲ್ ಯಾಕೆ ಕೇಳುತ್ತಾರೆ? ಮನೆ ಮುಟ್ಟುವ ದಾರಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಹಳ್ಳವಾಗಿರುತ್ತದೆ, ಅದಕ್ಕೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರಿನಲ್ಲಿ. ಬಯಲು ಸೀಮೆಯಲ್ಲಿ 500 ಜನ, ವಿಶೇಷ ವರ್ಗದ ಗುಡ್ಡಗಾಡು ರಾಜ್ಯ ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 250 ಜನ ಇರುವ ವಸತಿಗೆ ರಸ್ತೆ ಅಂತ ಅದರ ನಿಯಮ. ಮಲೆನಾಡಿನಲ್ಲಿ ಗುಡ್ಡಕ್ಕೊಂದು ಮನೆ, ಕಣಿವೆಗೆರಡು ಮನೆ. ತಲೆ ಎಣಿಸಿದರೆ 500 ಎಲ್ಲಿ ಸಿಗಬೇಕು? ಸರ್ಕಾರ ಮಾಡದ ಎರಡು ಮೈಲಿ ರಸ್ತೆಯ ಖರ್ಚನ್ನು ನಾವು ಒಬ್ಬೊಬ್ಬರೇ ಇಪ್ಪತ್ತು ಲಕ್ಷ ಹೆಚ್ಚು ಕೊಟ್ಟು ಗಾಡಿಯ ರೂಪದಲ್ಲಿ ಕಟ್ಟುತ್ತಿದ್ದೇವೆ. ಒಂದೇ ದಾರಿಯ ಐದು ಮನೆಯವರು ಐದು ದೊಡ್ಡ ಗಾಡಿ ಕೊಂಡರೆ ಕೋಟಿ ದಾಟುತ್ತದೆ. ಅದೇ ಐದು ಮನೆಯವರು ಗ್ರಾಮಸಭೆಯಲ್ಲಿ ಎದ್ದು ನಿಂತು ರಸ್ತೆ ಕೇಳಿದರೆ ಖರ್ಚಾಗುವುದು ಒಂದು ದಿನ.

ಆ ತೀರ್ಥಹಳ್ಳಿಯ ಹಿರಿಯರಿಗೆ ನಾವು ಏನು ಹೇಳಿದೆವು? ಬೇಡ ಅಂತ ಹೇಳಲಿಲ್ಲ. "ಮಗನನ್ನೇ ಕೂರಿಸಿ ಲೆಕ್ಕ ಮಾಡಿಸಿ. ಹೋದ ಐದು ವರ್ಷದಲ್ಲಿ ಅತಿ ಕೆಟ್ಟ ವರ್ಷ ಯಾವುದೋ ಆ ವರ್ಷದ ಬೆಳೆ, ಆ ವರ್ಷದ ಧಾರಣೆ ಹಾಕಿ ಕಂತು ಕಟ್ಟಲು ಆಗುತ್ತದೆಯೇ ಅವನೇ ನೋಡಲಿ. ತೋಟದ ಲೆಕ್ಕದ ಪುಸ್ತಕವನ್ನೇ ಅವನ ಕೈಗೆ ಕೊಡಿ" ಅಂದೆವು. ಊರಿಗೆ ವಾಪಸ್ ಬಂದ ಹುಡುಗ ಕೇಳುತ್ತಿರುವುದು ಬರೀ ಗಾಡಿಯಲ್ಲ. ಊರಿನಲ್ಲಿ ತನಗೊಂದು ಮರ್ಯಾದೆ, ಮನೆಯಲ್ಲಿ ತನ್ನ ಮಾತಿಗೊಂದು ಬೆಲೆ. ಅದನ್ನು ಕೊಡುವುದಕ್ಕೆ ಏಳು ವರ್ಷದ ಕಂತು ಬೇಕಾಗಿಲ್ಲ. ಪುಸ್ತಕ ಕೈಗೆ ಕೊಟ್ಟ ದಿನವೇ ಅವನು ತೋಟದ ಯಜಮಾನನಾಗುತ್ತಾನೆ. ಯಜಮಾನನಾದವನು ಸಾದಾ ಪಿಕಪ್ಪನ್ನು ನಾಚಿಕೆಯಿಲ್ಲದೆ ಓಡಿಸುತ್ತಾನೆ.

ನೀವೂ ಷೋರೂಮಿಗೆ ಹೋಗುವ ಮೊದಲು ಆ ಪುಸ್ತಕ ತೆಗೆಯಿರಿ. ಬೆಲೆಯನ್ನು ಕ್ವಿಂಟಾಲಿಗೆ ತಿರುಗಿಸಿ. ಕೆಟ್ಟ ವರ್ಷಕ್ಕೂ ಲೆಕ್ಕ ಕೂಡಿ ಬಂದರೆ ಗಾಡಿ ತನ್ನಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ, ನಮಗೂ ಒಂದು ತುಂಡು ಬೆಲ್ಲ ಕಳಿಸಿ. ಕೂಡಿ ಬರದಿದ್ದರೆ ಕಾಗದ ಮಡಚಿಟ್ಟು ತೋಟಕ್ಕೆ ಹೋಗಿ.